ಕೇಳದೆ ಚಾಲೂ ಮಾಡಿಟ್ಟದ್ದು

ನನಗೆ ಆಗ ಐವತ್ತೆಂಟು ವರ್ಷ. ಅದಕ್ಕೀಗ ಹದಿನೆಂಟು ವರ್ಷವಾಯಿತು. ಐವತ್ತೆಂಟು ಅಂದರೆ ಬುದ್ಧಿ ಬಂದು ಹಳತಾಗಿರಬೇಕಾದ ವಯಸ್ಸು. ನನಗಿನ್ನೂ ಬಂದೇ ಇಲ್ಲ ಎಂಬುದು ಒಂದು ಭಾನುವಾರ ಹಗರಿಬೊಮ್ಮನಹಳ್ಳಿಯ ಒಂದು ಪಡಸಾಲೆಯಲ್ಲಿ, ಹತ್ತಾರು ಮಂದಿಯ ಎದುರು, ಬಾಯಲ್ಲಿ ಮಿರ್ಚಿ ಬಜ್ಜಿ ಇಟ್ಟುಕೊಂಡಿದ್ದಾಗ ಗೊತ್ತಾಯಿತು.

ನನ್ನದು ಬಳೆ ಮಾರುವ ಕಸುಬು. ಊರು ಕೊಟ್ಟೂರು. ಒಂದು ದಿನ ಕೂಡ್ಲಿಗಿ, ಒಂದು ದಿನ ಹಗರಿಬೊಮ್ಮನಹಳ್ಳಿ, ಸಂತೆಯ ದಿನ ಹರಪನಹಳ್ಳಿ, ಹಡಗಲಿ ಕಡೆ ಹೋದರೆ ಎರಡು ದಿನ. ಬುಟ್ಟಿ ತೊಡೆಯ ಮೇಲೆ, ಕಂಡಕ್ಟರನ ಬಯ್ಗುಳ ತಲೆಯ ಮೇಲೆ. ಬಳೆಗಾರ್ತಿಗೆ ಪಡಸಾಲೆಯಲ್ಲಿ ಕೆಲಸವಿಲ್ಲ, ನೇರ ಅಡುಗೆಮನೆಗೇ ಹೋಗುತ್ತಾಳೆ. ಕೈ ಹಿಡಿದು ಬಳೆ ಏರಿಸುವಾಗ ಹೆಂಗಸರು ಸುಮ್ಮನೆ ಕೂರುವುದಿಲ್ಲ, ಮಾತಾಡುತ್ತಾರೆ. ಹಾಗಾಗಿ ಯಾರ ಮನೆಯಲ್ಲಿ ಹುಡುಗಿ ಇದ್ದಾಳೆ, ಯಾರ ಮನೆಯಲ್ಲಿ ಹುಡುಗ ಇದ್ದಾನೆ, ಯಾರು ಓದಿದ್ದಾರೆ, ಯಾರು ಓದಿದ್ದೇವೆಂದು ಸುಳ್ಳು ಹೇಳುತ್ತಾರೆ, ಐದೂ ಊರಿನ ಸುದ್ದಿ ನನ್ನ ತಲೆಯಲ್ಲಿತ್ತು. ಮೂವತ್ತು ವರ್ಷ ಸಂಬಂಧ ಕೂಡಿಸಿದೆ. ಪ್ರತಿಫಲ ಅಂದರೆ ಮದುವೆಯ ದಿನ ಊಟ, ಒಂದು ಸೀರೆ, ಮುಂದೆ ಗಂಡ ಹೆಂಡತಿ ಜಗಳಾಡಿದಾಗ ಎರಡೂ ಮನೆಯಿಂದ ಬಯ್ಗುಳ.

ಸಂಬಂಧ ಕೂಡಿಸುವವರು ಮೊದಲು ಕೇಳಬೇಕಾದದ್ದು ಬೆಡಗು. ನಮ್ಮ ಕಡೆ ಪ್ರತಿ ಮನೆತನಕ್ಕೂ ಒಂದು ಬೆಡಗು ಇರುತ್ತದೆ. ಒಂದೇ ಬೆಡಗಿನವರು ಒಂದೇ ಬೇರಿನಿಂದ ಬಂದವರು. ಒಬ್ಬರ ಮುಖ ಒಬ್ಬರು ಕಂಡಿರದಿದ್ದರೂ ಅಣ್ಣ ತಂಗಿ, ಅಕ್ಕ ತಮ್ಮ ಎಂದೇ ಲೆಕ್ಕ. ಅಲ್ಲಿ ಕೊಟ್ಟು ತರುವುದಿಲ್ಲ. ಇದು ನಮ್ಮ ಕಡೆ ಎಮ್ಮೆ ಕಾಯುವವನಿಗೂ ಗೊತ್ತು. ನನಗಂತೂ ಮುನ್ನೂರು ಮನೆಯ ಬೆಡಗು ನಾಲಿಗೆಯ ಮೇಲಿತ್ತು. ಇತ್ತು ಅಂದೆ. ಕಂಪ್ಯೂಟರು ಬರುವ ತನಕ ಇತ್ತು.

ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಮೊದಲು ಟೈಪಿಂಗ್ ಕಲಿಸುತ್ತಿದ್ದ ಒಂದು ಮಳಿಗೆ ಇತ್ತು. ಅದನ್ನು ನಡೆಸುತ್ತಿದ್ದವಳು ಮೂವತ್ತರ ಹೆಂಗಸು, ನನ್ನ ಓಣಿಯ ಸೊಸೆ. ಟೈಪ್ ರೈಟರುಗಳನ್ನು ಗುಜರಿಗೆ ಹಾಕಿ ಎರಡು ಕಂಪ್ಯೂಟರ್ ತಂದು ಕೂರಿಸಿದಳು. ನನ್ನನ್ನು ದೊಡ್ಡವ್ವ ಅನ್ನುತ್ತಿದ್ದಳು. ಬಸ್ಸು ತಡವಾದಾಗಲೆಲ್ಲ ನಾನು ಅವಳ ಮಳಿಗೆಯ ಫ್ಯಾನಿನ ಕೆಳಗೆ ಬುಟ್ಟಿ ಇಳಿಸಿ ಕೂರುತ್ತಿದ್ದೆ. ಬಸ್ಸು ಯಾವಾಗಲೂ ತಡವಾಗುತ್ತಿತ್ತು.

ಒಂದು ದಿನ ನಾನು ಒಂದು ಹುಡುಗನ ವಿವರ ನೆನಪಾಗದೆ ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ನಕ್ಕು, ಎಲ್ಲ ಹೇಳು ಬರೆದಿಡುತ್ತೇನೆ ಅಂದಳು. ಅವಳ ಹತ್ತಿರ ಪಟ್ಟಿ ಇಡುವ ಒಂದು ತಂತ್ರಾಂಶ ಇತ್ತು. ಕನ್ನಡ ಬಲ್ಲ ಯಾರೋ ನಾಲ್ಕಾರು ಜನ, ಒಬ್ಬೊಬ್ಬರು ಒಂದೊಂದು ಊರಲ್ಲಿ ಕೂತು, ತಮ್ಮ ಬಿಡುವಿನ ಹೊತ್ತಿನಲ್ಲಿ ಮಾಡಿ ಪುಕ್ಕಟೆ ಹಂಚುತ್ತಿದ್ದರಂತೆ. ಪುಕ್ಕಟೆ ಅಷ್ಟೇ ಅಲ್ಲ, ಅದನ್ನು ಹೇಗೆ ಮಾಡಿದೆವೆಂಬ ಬರಹವನ್ನೂ ಮುಚ್ಚಿಡದೆ ಕೊಡುತ್ತಿದ್ದರಂತೆ. ತಿಳಿದವರು ತೆರೆದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಮುಕ್ತ ತಂತ್ರಾಂಶ ಅಂತ ಅದರ ಹೆಸರು. ಮೊದಲು ಯಾವುದೋ ಗ್ರಂಥಾಲಯದ ಪುಸ್ತಕದ ಪಟ್ಟಿಗೆಂದು ಮಾಡಿದ್ದಂತೆ. ಪುಸ್ತಕಗಳ ಜಾಗದಲ್ಲಿ ನನ್ನ ಹುಡುಗ ಹುಡುಗಿಯರು ಕೂತರು.

ಎರಡು ತಿಂಗಳು ನಾನು ಹೇಳಿದೆ, ಅವಳು ಒತ್ತಿದಳು. ಹೆಸರು, ವಯಸ್ಸು, ಊರು, ಓದು, ಕೆಲಸ, ಬೆಡಗು. ಆಮೇಲೆ ಸುದ್ದಿ ಹಬ್ಬಿ ಕೆಲವರು ನೇರವಾಗಿ ಅವಳ ಹತ್ತಿರವೇ ಬಂದು ಬರೆಸಿ ಹೋಗತೊಡಗಿದರು. ಚೀಲ ಇಳಿಸಿದ ಮೇಲೆ ಹೆಗಲಿಗೆ ಭಾರದ ನೆನಪು ಇರುವುದಿಲ್ಲ ನೋಡಿ, ಹಾಗೆ ನನ್ನ ತಲೆ ಖಾಲಿಯಾಯಿತು. ಯಾರಾದರೂ ಕೇಳಿದರೆ, ಕಂಪ್ಯೂಟರ್‌ನಲ್ಲಿ ನೋಡಿ ಹೇಳುತ್ತೇನೆ ಅನ್ನುತ್ತಿದ್ದೆ. ಆ ಮಾತು ಹೇಳುವಾಗ ನನ್ನ ಗದ್ದ ಎರಡು ಬೆರಳು ಮೇಲೇರುತ್ತಿತ್ತು. ಹರಪನಹಳ್ಳಿಯ ಬೇರೆ ಬಳೆಗಾರ್ತಿಯರ ಮುಂದೆ ಮೂರು ಬೆರಳು.

ಅಕ್ಷರ ನಾನು ಕಲಿತದ್ದು ನಲವತ್ತೈದು ದಾಟಿದ ಮೇಲೆ, ಸಾಕ್ಷರತೆಯ ತರಗತಿಯಲ್ಲಿ. ದಪ್ಪ ಅಕ್ಷರ ಓದುತ್ತೇನೆ. ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕು. ಕನ್ನಡಕ ಇತ್ತು, ಬುಟ್ಟಿಯ ತಳದಲ್ಲಿ, ಬಟ್ಟೆ ಸುತ್ತಿ. ಹಾಕಿಕೊಂಡರೆ ಮುದುಕಿಯ ಹಾಗೆ ಕಾಣುತ್ತೇನೆಂದು ಹಾಕುತ್ತಿರಲಿಲ್ಲ. ಹಾಕದಿದ್ದರೂ ಹಾಗೆಯೇ ಕಾಣುತ್ತಿದ್ದೆನೆಂದು ಯಾರೂ ಹೇಳಿರಲಿಲ್ಲ.

ಒಂದು ಬುಧವಾರ ಮಳಿಗೆಯವಳು ತಂಗಿಯ ಹೆರಿಗೆಗೆಂದು ಕೂಡ್ಲಿಗಿಗೆ ಹೋಗುವವಳಿದ್ದಳು. ಹಿಂದಿನ ದಿನವಷ್ಟೇ ಆ ತಂತ್ರಾಂಶದ ಹೊಸ ಆವೃತ್ತಿಯ ಸಿ.ಡಿ. ಅಂಚೆಯಲ್ಲಿ ಬಂದಿತ್ತು; ಅದನ್ನು ಹಾಕಿ, ಏನು ಹೊಸದಿದೆ ಎಂದು ನೋಡುವಷ್ಟೂ ಪುರುಸೊತ್ತಿಲ್ಲದೆ ಬಸ್ಸು ಹತ್ತಿದಳು. ಬೀಗದ ಕೈ ನನಗೆ ಕೊಟ್ಟಳು. ಪಟ್ಟಿ ತೆರೆಯುವುದು, ಹೆಸರು ಒತ್ತುವುದು, ಪ್ರಿಂಟ್ ಕೊಡುವುದು, ಮೂರು ಕೆಲಸ ನನಗೆ ಮೊದಲೇ ಕಲಿಸಿದ್ದಳು.

ನಾನು ಅಂದು ನೋಡಬೇಕಿದ್ದದ್ದು ಹಗರಿಬೊಮ್ಮನಹಳ್ಳಿಯ ಒಬ್ಬ ಹುಡುಗಿಯ ವಿವರ. ಇಪ್ಪತ್ತಾರು ವರ್ಷ, ಇಟ್ಟಿಗಿಯ ಶಾಲೆಯಲ್ಲಿ ಟೀಚರು. ಹಿಂದಿನ ವರ್ಷ ಒಂದು ಕಡೆಯವರು ಬಂದು ನೋಡಿ, ಒಪ್ಪಿ, ಆಮೇಲೆ ಕೆಲಸ ಬಿಡಬೇಕೆಂದರು. ಇವಳು ಬಿಡುವುದಿಲ್ಲ ಅಂದಳು, ಸಂಬಂಧ ಮುರಿಯಿತು. ಒಮ್ಮೆ ನೋಡಿ ಬಿಟ್ಟ ಹುಡುಗಿ ಅಂದರೆ ಓಣಿಯ ಬಾಯಿಗೆ ಕಸುಬು ಸಿಕ್ಕಂತೆ. ಎರಡನೆಯದೂ ಹಾಗೆ ಆಗಬಾರದು ಎಂದು ಅವಳ ತಾಯಿ ನನ್ನ ಕೈ ಹಿಡಿದು ಹೇಳಿದ್ದಳು. ಗಟ್ಟಿ ಸಂಬಂಧವಿದ್ದರಷ್ಟೇ ಕರೆದುಕೊಂಡು ಬಾ, ಇಲ್ಲದಿದ್ದರೆ ಬರಬೇಡ ಅಂದಿದ್ದಳು.

ಹುಡುಗಿಯ ಹೆಸರು ಒತ್ತಿದೆ. ಅವಳ ಸಾಲು ಬಂತು. ಅದರ ಪಕ್ಕದಲ್ಲಿ, ಹಿಂದೆ ಎಂದೂ ಬರದಿದ್ದ ಇನ್ನೊಂದು ಸಾಲು ತಾನಾಗಿ ಬಂದು ಕೂತಿತು: ಹರಪನಹಳ್ಳಿಯ ಒಬ್ಬ ಹುಡುಗ. ಎರಡೂ ಸಾಲು ಸೇರಿಸಿ ಸುತ್ತ ಹಸಿರು ಗೆರೆ.

ಬೇರೆ ಯಾರಾದರೂ ಆಗಿದ್ದರೆ ಇದೇನೆಂದು ಕೇಳುತ್ತಿದ್ದರು. ನಾನು ಬಳೆಗಾರ್ತಿ. ಮದುವಣಗಿತ್ತಿಗೆ ತೊಡಿಸುವುದು ಹಸಿರು ಬಳೆ, ಬಸುರಿಗೆ ತೊಡಿಸುವುದು ಹಸಿರು ಬಳೆ. ನಲವತ್ತು ವರ್ಷ ಹಸಿರು ಕಂಡಲ್ಲೆಲ್ಲ ಶುಭ ಎಂದು ಹೇಳಿ ವ್ಯಾಪಾರ ಮಾಡಿದವಳ ಕಣ್ಣಿಗೆ, ಒಂದು ಹುಡುಗಿ ಒಂದು ಹುಡುಗನ ಸುತ್ತ ಹಸಿರು ಬಿದ್ದರೆ ಅದು ಇನ್ನೇನಾಗಿ ಕಂಡೀತು? ಕಂಪ್ಯೂಟರ್ ಸಂಬಂಧ ಕೂಡಿಸಲು ಕಲಿಯಿತು ಅಂದುಕೊಂಡೆ. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಓದಿ ನೋಡಿದೆ, ನೋಡಲಿಲ್ಲ ಅನ್ನಲಾರೆ. ಇಬ್ಬರಿಗೂ ಇಪ್ಪತ್ತಾರು. ಹುಡುಗ ಎರಡು ವರ್ಷವಾದರೂ ದೊಡ್ಡವನಿರಬೇಕೆಂದು ಜೀವಮಾನವಿಡೀ ವಾದಿಸಿದವಳು, ಇರಲಿ ಅಂದುಕೊಂಡೆ. ಇಬ್ಬರದೂ ಒಂದೇ ಓದು, ಇಬ್ಬರೂ ಶಾಲೆಯ ಕೆಲಸ, ಇಬ್ಬರ ಅಪ್ಪಂದಿರೂ ಕಿರಾಣಿ ಅಂಗಡಿ, ಹೆಸರಿನ ಮೊದಲ ಎರಡು ಅಕ್ಷರ ಕೂಡ ಒಂದೇ. ಎಷ್ಟು ಚೆಂದ ಹೊಂದಿಸಿದೆ ಎಂದು ಪರದೆಯ ಮೇಲೆ ಕೈಯಾಡಿಸಿದೆ. ಕೊನೆಯ ಕಾಲಮ್ಮಿನಲ್ಲಿ ಬೆಡಗು ಇತ್ತು. ಅಲ್ಲಿಯ ತನಕ ಹೋಗುವ ಹೊತ್ತಿಗೆ ನನಗೆ ಚಹ ಬೇಕಾಗಿತ್ತು. ಹುಡುಗನ ವಿವರ ಅವನ ಅತ್ತೆ ಬಂದು ಮಳಿಗೆಯಲ್ಲೇ ಬರೆಸಿದ್ದು, ಆದ್ದರಿಂದ ನಾನು ಅವನ ಬೆಡಗು ಎಂದೂ ಕೇಳಿರಲಿಲ್ಲ. ಹುಡುಗಿಯದು ಗೊತ್ತಿತ್ತು, ಆದರೆ ಅದು ಆಗಲೇ ಹೇಳಿದಂತೆ ಚೀಲದ ಜೊತೆ ಇಳಿದುಹೋಗಿತ್ತು.

ಮಳಿಗೆಯವಳು ಊರಿಂದ ಬಂದಾಗ ಬೀಗದ ಕೈ ಕೊಟ್ಟೆ, ಈ ವಿಷಯ ಹೇಳಲಿಲ್ಲ. ಹೇಳಿದರೆ ಸಂಬಂಧ ಕೂಡಿಸಿದ್ದು ಅವಳ ಯಂತ್ರ ಅಂದಾಳೆಂಬ ಹೊಟ್ಟೆಕಿಚ್ಚು. ಎರಡೂ ಮನೆಯವರಿಗೆ ನಾನು ಹೇಳಿದ್ದೇ ಬೇರೆ: ಮೂರು ದಿನ ಕೂತು ವಿಚಾರ ಮಾಡಿದೆ, ಐದೂ ಊರು ಜಾಲಾಡಿದೆ, ಇದಕ್ಕಿಂತ ಹೊಂದುವ ಜೋಡಿ ಇನ್ನೊಂದಿಲ್ಲ. ನಿಜ ಹೇಳಿದರೆ ಒಂದು ಲೋಟ ಚಹ ಆರುವಷ್ಟು ಹೊತ್ತೂ ಆಗಿರಲಿಲ್ಲ. ಎರಡೂ ಮನೆಯವರು ಬೆಡಗು ಕೇಳಲಿಲ್ಲ. ಹುಡುಗಿಯ ತಾಯಿ, ಬಳೆಗಾರಮ್ಮ ಕೇಳದೆ ಇರುತ್ತಾಳೆಯೇ ಅಂದುಕೊಂಡಳು. ಹುಡುಗನ ತಾಯಿಯೂ ಅದನ್ನೇ ಅಂದುಕೊಂಡಳು. ಬಳೆಗಾರಮ್ಮ, ಕಂಪ್ಯೂಟರ್ ಕೇಳದೆ ಇರುತ್ತದೆಯೇ ಅಂದುಕೊಂಡಳು.

ಭಾನುವಾರ ಹರಪನಹಳ್ಳಿಯವರು ಟೆಂಪೋ ಮಾಡಿಕೊಂಡು ಬಂದರು. ಉಪ್ಪಿಟ್ಟು, ಮಿರ್ಚಿ, ಬಾಳೆಹಣ್ಣು. ಹುಡುಗ ಸಭ್ಯ, ತಲೆ ತಗ್ಗಿಸಿಕೊಂಡು ಕೂತಿದ್ದ. ಹೆಂಗಸರು ಒಳಗೆ ಹೋಗಿ ಹುಡುಗಿಯನ್ನು ಮಾತಾಡಿಸಿ ಬಂದು ಒಬ್ಬರಿಗೊಬ್ಬರು ಕಣ್ಣಲ್ಲೇ ಹೂಂ ಅಂದುಕೊಂಡರು. ನಾನು ಕಂಬಕ್ಕೆ ಒರಗಿ, ಸೀರೆ ಯಾವ ಬಣ್ಣದ್ದು ಕೊಟ್ಟಾರು ಎಂದು ಯೋಚಿಸುತ್ತ ಮಿರ್ಚಿ ತಿನ್ನುತ್ತಿದ್ದೆ. ಆಗ ಹುಡುಗನ ದೊಡ್ಡಪ್ಪ, ಬಾಯಿ ಒರೆಸಿಕೊಂಡು, ಸುಮ್ಮನೆ ಶಾಸ್ತ್ರಕ್ಕೆಂಬಂತೆ ಹುಡುಗಿಯ ಅಪ್ಪನನ್ನು ಕೇಳಿದ.

"ನಿಮ್ಮ ಬೆಡಗು ಯಾವ್ದಂದ್ರಿ?"

ಹುಡುಗಿಯ ಅಪ್ಪ ಹೇಳಿದ. ದೊಡ್ಡಪ್ಪ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ನಮ್ದೂ ಅದ ಐತ್ರಿ."

ಎಲ್ಲರ ಮುಖವೂ ಕಂಬದ ಕಡೆ ತಿರುಗಿತು. ಮಿರ್ಚಿ ನುಂಗಲೂ ಆಗದು, ಉಗುಳಲೂ ಆಗದು. ಕಣ್ಣಲ್ಲಿ ನೀರು ಬಂತು. ಅದು ಪಶ್ಚಾತ್ತಾಪದ್ದೆಂದು ಯಾರೋ ಒಬ್ಬ ಹೆಂಗಸು ಮರುಗಿದಳಂತೆ. ಮೆಣಸಿನಕಾಯಿಯದು.

"ಏನಮ್ಮ ಬಳಿಗಾರಮ್ಮ, ಅಣ್ಣಗ ತಂಗೀನ ತೋರ್ಸಾಕ ಹರಪನಹಳ್ಳಿಯಿಂದ ಗಾಡಿ ಮಾಡಿಸ್ಕೊಂಡು ಕರ್ಸೀಯೇನು?" ಅಂದ ದೊಡ್ಡಪ್ಪ.

"ಕಂಪ್ಯೂಟರ್ ಹಂಗ ತೋರಿಸ್ತ್ರಿ," ಅಂದೆ.

"ಕಂಪ್ಯೂಟರ್‌ಗೆ ಬೆಡಗು ಐತೇನು? ನಿನಗೈತಲ್ಲ, ಕೇಳಾಕ ಏನಾಗಿತ್ತು?"

ಮೂರು ದಿನ ಕೂತು ವಿಚಾರ ಮಾಡಿದ್ದೆ ಎಂಬ ನನ್ನ ಮಾತು ಎರಡೂ ಮನೆಯವರಿಗೆ ಒಟ್ಟಿಗೇ ನೆನಪಾಯಿತೆಂದು ಅವರ ಮುಖವೇ ಹೇಳಿತು. ಅಷ್ಟರಲ್ಲಿ ಹುಡುಗಿ ಕಾಫಿಯ ಟ್ರೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಿರುಗಿ ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ನೇರ ಹುಡುಗನ ಮುಂದೆ ಬಂದು ಟ್ರೇ ಹಿಡಿದಳು.

"ತಗೋ ಅಣ್ಣ, ಕಾಫಿ ಆರತೈತಿ."

ಹುಡುಗ ತಲೆ ಎತ್ತಿ ನಕ್ಕು ಲೋಟ ತೆಗೆದುಕೊಂಡ. ಅವನೊಬ್ಬನೇ ನಕ್ಕದ್ದು. ಬಂದವರು ಸಂಬಂಧದವರಾಗದೆ ಸೋದರರಾದರು. ಹುಡುಗಿಯ ತಾಯಿ ಬಂದ ಹೆಂಗಸರಿಗೆಲ್ಲ ಕುಂಕುಮ ಹಚ್ಚಿ ಮರ್ಯಾದೆಯಿಂದ ಕಳಿಸಿದಳು. ಟೆಂಪೋ ತಿರುವು ದಾಟುವ ತನಕ ನನ್ನ ಕಡೆ ನೋಡಲಿಲ್ಲ. ಆಮೇಲೆ ನನ್ನ ಬುಟ್ಟಿಯನ್ನು ತಾನೇ ಎತ್ತಿಕೊಂಡು ಬಂದು ಹೊಸ್ತಿಲಾಚೆ ಇಟ್ಟಳು. ನಿನ್ನ ಬಾಯಿ ನಂಬಿ ಬೆಡಗು ಕೇಳಲಿಲ್ಲ, ಅಂದಳು. ಅಷ್ಟೇ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

ಸೋಮವಾರ ಮಳಿಗೆಯ ಬಾಗಿಲು ತೆರೆಯುವ ಮೊದಲೇ ಹೋಗಿ ಕೂತೆ. ಅವಳು ಬಂದೊಡನೆ, ನಿನ್ನ ಯಂತ್ರ ನನ್ನ ಮಾನ ಕಳೆಯಿತೆಂದು ಶುರು ಮಾಡಿದೆ. ಅವಳು ಪಟ್ಟಿ ತೆರೆದು, ಹಸಿರು ಗೆರೆ ನೋಡಿ, ಏನೋ ಓದಿ, ನಗತೊಡಗಿದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಆದದ್ದು ಇಷ್ಟು. ಹೊಸ ಆವೃತ್ತಿಯಲ್ಲಿ ತಂತ್ರಾಂಶ ಮಾಡಿದವರು ಒಂದು ಹೊಸ ಕೆಲಸ ಸೇರಿಸಿದ್ದರು. ಒಂದೇ ಪುಸ್ತಕವನ್ನು ತಪ್ಪಿ ಎರಡು ಸಲ ಬರೆದಿದ್ದರೆ ಹುಡುಕಿ ತೋರಿಸುವುದು. ಎರಡು ಸಾಲಿನ ವಿವರ ಬಹಳ ಹೋಲಿದರೆ ಎರಡನ್ನೂ ಹಸಿರಿನಲ್ಲಿ ಸುತ್ತಿ, ಇವೆರಡೂ ಒಂದೇ ಇರಬಹುದು, ನೋಡಿ, ಎಂದು ಹೇಳುತ್ತಿತ್ತು. ಅಂದರೆ ಕಂಪ್ಯೂಟರ್ ಅವರಿಬ್ಬರನ್ನು ಗಂಡ ಹೆಂಡತಿ ಅಂದಿರಲಿಲ್ಲ, ಇಬ್ಬರೂ ಒಬ್ಬರೇ ಅಂದಿತ್ತು. ಬೆಡಗು ಒಂದೇ ಎಂಬುದೂ ಅದಕ್ಕೆ ಒಂದು ಕಾರಣ. ಅದು ಬೆಡಗು ನೋಡಿತ್ತು. ನೋಡದವಳು ನಾನು. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು: ಈ ಸೌಲಭ್ಯ ಇನ್ನೂ ಪ್ರಯೋಗದಲ್ಲಿದೆ. ಕನ್ನಡಕ ಬುಟ್ಟಿಯ ತಳದಲ್ಲಿತ್ತು ಎಂದು ಆಗಲೇ ಹೇಳಿದೆ.

ಅದು ಬೇಕೋ ಬೇಡವೋ ಎಂದು ಯಾರೂ ನಮ್ಮನ್ನು ಕೇಳಿರಲಿಲ್ಲ. ಚಾಲೂ ಮಾಡಿಯೇ ಕಳಿಸಿದ್ದರು. ಬೇಡವಾದವರು ಎಲ್ಲೋ ಒಳಗೆ ಹೋಗಿ ಬಂದ್ ಮಾಡಬೇಕು. ಇದೆಂಥ ನ್ಯಾಯ ಎಂದು ಕೇಳಿದೆ. ಅವಳು ಅದನ್ನೇ ಅವರಿಗೆ ಇ-ಮೇಲ್ ಬರೆದಳು, ನಮ್ಮ ಭಾನುವಾರದ ಕಥೆಯನ್ನೂ ಸೇರಿಸಿ. ಫೋನಿನ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ಟು. ಯಾರಾದರೂ ಫೋನ್ ಮಾಡಿದರೆ ಕಡಿದುಹೋಗುತ್ತಿತ್ತು. ಹಾಗಾಗಿ ಉತ್ತರಗಳು ತುಂಡುತುಂಡಾಗಿ ಬಂದವು. ಅವಳು ಓದಿ ಹೇಳುತ್ತಿದ್ದಳು, ನಾನು ಬಳೆ ಪೋಣಿಸುತ್ತ ಕೇಳುತ್ತಿದ್ದೆ.

ಅವರವರಲ್ಲೇ ಜಗಳ ಹತ್ತಿತ್ತು. ಆ ಹಸಿರು ಗೆರೆಯ ಸೌಲಭ್ಯ ಮಾಡಿದವನು ಬರೆದಿದ್ದ: ಹೊಸದನ್ನು ಮುಚ್ಚಿಟ್ಟು ಕೊಟ್ಟರೆ ಯಾರೂ ತೆರೆದು ನೋಡುವುದಿಲ್ಲ. ನೋಡದಿದ್ದರೆ ಅದರ ತಪ್ಪು ತಿಳಿಯುವುದಿಲ್ಲ, ತಪ್ಪು ತಿಳಿಯದೆ ತಿದ್ದುವುದು ಹೇಗೆ? ದೊಡ್ಡ ಕಂಪನಿಯವರಿಗೆ ಪರೀಕ್ಷೆ ಮಾಡಲು ಸಂಬಳದ ಜನ ಇರುತ್ತಾರೆ, ಪುಕ್ಕಟೆ ಮಾಡುವ ನಮಗೆ ಬಳಸುವವರೇ ಗತಿ. ಅವರಲ್ಲಿ ಒಬ್ಬ ಹೆಂಗಸಿದ್ದಳು, ಅವಳು ಬರೆದಳು: ಗೊತ್ತಿದ್ದು ಒಪ್ಪಿದವರ ಮೇಲೆ ಪರೀಕ್ಷೆ ಮಾಡೋಣ, ಗೊತ್ತಿಲ್ಲದವರಿಗೆ ಅದು ಪರೀಕ್ಷೆಯಲ್ಲ, ಅವರ ದಿನದ ಕೆಲಸ, ಅದು ಕೆಟ್ಟರೆ ಕೆಟ್ಟೇ ಹೋಯಿತು. ಇನ್ನೊಬ್ಬ, ಒಳಗಿನ ಬರಹವನ್ನೆಲ್ಲ ತೆರೆದೇ ಇಟ್ಟಿದ್ದೇವಲ್ಲ, ಯಾರು ಬೇಕಾದರೂ ನೋಡಬಹುದಿತ್ತು ಅಂದ. ಹೊರಗಿನ ಒಂದು ಸಾಲನ್ನೇ ಓದದ ನಾನು ಒಳಗಿನದನ್ನು ಓದಬೇಕಿತ್ತಂತೆ. ಮತ್ತೊಬ್ಬ, ಹಸಿರಿನ ಬದಲು ನೀಲಿ ಬಣ್ಣ ಹಚ್ಚಿದರೆ ಸಾಕು ಅಂದ. ಅವನಿಗೆ ಮಾತ್ರ ಕೈಗೆ ಸಿಕ್ಕಿದರೆ ಎರಡು ಬಿಗಿಯಬೇಕು ಅನ್ನಿಸಿತು. ಕೊನೆಗೆ ಎಲ್ಲರೂ ಸೇರಿ, ಕೊಟ್ಟೂರಿನ ಬಳೆಗಾರಮ್ಮನೇ ಹೇಳಲಿ, ಏನು ಮಾಡಬೇಕು ಎಂದು ಬರೆದರು.

ಬಯ್ಯುವುದು ಸುಲಭವಿತ್ತು. ಆದರೆ ಸೌಲಭ್ಯ ಮಾಡಿದವನ ಮಾತು ನನಗೆ ಎಲ್ಲೋ ಚುಚ್ಚಿತ್ತು. ಒಂದು ಶ್ರಾವಣದಲ್ಲಿ ನನಗೆ ಬಂಗಾರದ ಬಣ್ಣದ ಪುಡಿ ಹಚ್ಚಿದ ಹೊಸ ತರದ ಬಳೆ ಬಂದಿದ್ದವು. ಹೊಸದು, ಹೇಗೋ ಏನೋ ಗೊತ್ತಿಲ್ಲ ಅಂದಿದ್ದರೆ ಒಬ್ಬಳೂ ಕೈ ಚಾಚುತ್ತಿರಲಿಲ್ಲ. ಹೇಳಲೇ ಇಲ್ಲ. ಎಂದಿನ ಬಳೆಯ ನಡುವೆ ಸೇರಿಸಿ ತೊಡಿಸಿಬಿಟ್ಟೆ. ವಾರದಲ್ಲಿ ಅರ್ಧ ಓಣಿಯ ಮಣಿಕಟ್ಟು ಕಪ್ಪಾಯಿತು. ಹೆಂಗಸರು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ನನ್ನ ಹೆಸರು ಎತ್ತಿದರು. ನಾನು ಆ ಬಯ್ಗುಳವನ್ನೆಲ್ಲ ಬಳೆ ತರುವವನಿಗೆ ಮುಟ್ಟಿಸಿದೆ, ಅವನು ಮಾಡುವವನಿಗೆ ಮುಟ್ಟಿಸಿದ, ಮುಂದಿನ ಸಲ ಕಪ್ಪಾಗದ ಬಳೆ ಬಂದವು. ಎಲ್ಲರೂ ಈಗ ಅವನ್ನೇ ಕೇಳುತ್ತಾರೆ. ಕಪ್ಪಾದ ಕೈಯವರು ಇಲ್ಲದಿದ್ದರೆ ಅವು ಸುಧಾರಿಸುತ್ತಲೇ ಇರಲಿಲ್ಲ. ಇದನ್ನು ಹೇಳಿದರೆ ಅವನ ಕಡೆ ಆಗುತ್ತೇನೆ, ಹೇಳದಿದ್ದರೆ ಸುಳ್ಳಿಯಾಗುತ್ತೇನೆ. ಆದ್ದರಿಂದ ಒಂದು ವಾರ ಏನೂ ಹೇಳಲಿಲ್ಲ. ಯೋಚಿಸುತ್ತಿದ್ದೇನೆ ಎಂದು ಬರೆಸಿದೆ. ಅಲ್ಲಿ ದೂರದ ಊರುಗಳಲ್ಲಿ ಓದಿದ ಜನ ನನ್ನ ಯೋಚನೆಗೆ ಕಾಯುತ್ತಿದ್ದಾರೆಂದು ಗದ್ದ ಮತ್ತೆ ಏರಿತ್ತು. ಎಂಥ ಗದ್ದ ಅದು, ಒಂದು ಭಾನುವಾರದ ಪೆಟ್ಟು ಸಾಲಲಿಲ್ಲ.

ಶನಿವಾರ ಮಧ್ಯಾಹ್ನ ಮಳಿಗೆಗೆ ಹುಡುಗಿ ಬಂದಳು. ಅದೇ, ಇಟ್ಟಿಗಿಯ ಟೀಚರು. ಶಾಲೆ ಅರ್ಧ ದಿನ, ಅಲ್ಲಿಂದಲೇ ಬಸ್ಸು ಬದಲಿಸಿ ಕೊಟ್ಟೂರಿಗೆ ಬಂದಿದ್ದಳು. ನನ್ನನ್ನು ಕಂಡರೂ ಕಾಣದಂತೆ ಮಳಿಗೆಯವಳ ಮುಂದೆ ನಿಂತು, ನನ್ನ ಹೆಸರು ನಿಮ್ಮ ಪಟ್ಟಿಯಲ್ಲಿ ಇದೆಯಲ್ಲ, ತೆಗೆದುಬಿಡಿ ಅಂದಳು.

ನಾನು ನಡುವೆ ಬಾಯಿ ಹಾಕಿದೆ. ಅವಸರ ಮಾಡಬೇಡ, ತಪ್ಪು ಯಂತ್ರದ್ದು, ನಿನಗೆ ಬೆಡಗು ನೋಡಿಯೇ ಒಳ್ಳೆಯ ಹುಡುಗನನ್ನು ತರುತ್ತೇನೆ, ಎಂದೆಲ್ಲ ಹೇಳಿದೆ. ಅವಳು ತಿರುಗಿದಳು.

"ಯಂತ್ರದ ತಪ್ಪು ಆಮ್ಯಾಲಿ ನೋಡೋಣಮ್ಮ. ನನ್ನ ಹೆಸ್ರು ಅದ್ರಾಗ ಬರ್ಸಿದ್ದು ಯಾರು?"

"ನಾನ. ನಿಮ್ಮವ್ವ ಹೇಳಿದ್ಲು."

"ನನ್ನ ಕೇಳಿದ್ಯೇನು?"

"ನಿನ್ನ ಯಾಕ ಕೇಳ್ಬೇಕವ್ವ? ಹುಡುಗಿ ದೊಡ್ಡಾಕಿ ಆದ್ಲು ಅಂದ್ರ ನನ್ನ ಪಟ್ಟಿಗೆ ಬಂದ್ಲು. ಬ್ಯಾಡಾಗಿದ್ರ ಬ್ಯಾಡ ಅಂತ ಹೇಳ್ಬೇಕು."

ಮಳಿಗೆಯವಳ ಬೆರಳು ಕೀಲಿಗಳ ಮೇಲೆ ನಿಂತುಹೋಯಿತು. ನನ್ನ ಮಾತು ನನಗೂ ಕೇಳಿಸಿತು, ಆದರೆ ಅಷ್ಟು ಹೊತ್ತಿಗೆ ಅದು ಬಾಯಿ ದಾಟಿತ್ತು.

"ಬ್ಯಾಡ ಅನ್ನಾಕ ನಾನು ಪಟ್ಟ್ಯಾಗ ಅದೀನಿ ಅಂತ ಮೊದ್ಲು ನನಗ ಗೊತ್ತಿರ್ಬೇಕಲ್ಲಮ್ಮ," ಅಂದಳು ಹುಡುಗಿ.

ಆಮೇಲೆ ಅವಳು ಉಳಿದದ್ದನ್ನೂ ಹೇಳಿದಳು, ದನಿ ಏರಿಸದೆ, ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವಂತೆ. ಹೈಸ್ಕೂಲಿನ ಕೆಲಸಕ್ಕೆ ಪರೀಕ್ಷೆ ಬರೆಯಲು ಒಂದು ವರ್ಷ ಯಾರನ್ನೂ ಕರೆಯಬೇಡಿ ಎಂದು ಮನೆಯಲ್ಲಿ ಹೇಳಿದ್ದಳಂತೆ. ಬಳೆಗಾರಮ್ಮ ತಂದದ್ದು ಗಟ್ಟಿ ಸಂಬಂಧ ಎಂದು ತಾಯಿ ಹಟ ಹಿಡಿದಳಂತೆ. ಈಗ ಎರಡು ಸಲ ನೋಡಿ ಬಿಟ್ಟ ಹುಡುಗಿ ಎಂದು ಓಣಿ, ಟೀಚರನ್ನು ಅಣ್ಣ ನೋಡಲು ಬಂದಿದ್ದನಂತೆ ಎಂದು ಇಟ್ಟಿಗಿಯ ಶಾಲೆಯ ಮಕ್ಕಳು. ಮೂರನೆಯ ಸಲ ಟ್ರೇ ಹಿಡಿಯುವುದಾದರೆ ಅದು ತಾನು ಹೇಳಿದ ದಿನ, ಅಂದಳು.

ಮಳಿಗೆಯವಳು ನನ್ನ ಮುಖ ನೋಡಿದಳು. ಅಳಿಸು ಅಂದೆ. ಅವಳು ಸಾಲನ್ನು ಆರಿಸಿದಾಗ ಪರದೆಯ ಮೇಲೆ, ಈ ಹೆಸರನ್ನು ಅಳಿಸುವುದು ಖಚಿತವೇ, ಹೌದು, ಅಲ್ಲ, ಎಂದು ದಪ್ಪ ಅಕ್ಷರ ಬಂತು. ಸೇರಿಸುವಾಗ ಅದು ಯಾರನ್ನೂ ಏನೂ ಕೇಳಿರಲಿಲ್ಲ. ಹುಡುಗಿ ಬಗ್ಗಿ ತಾನೇ ಹೌದು ಒತ್ತಿ, ಕೊಡೆ ತೆಗೆದುಕೊಂಡು ಹೋದಳು. ಅವಳಿಗೆ ಮುಂದೆ ಹೈಸ್ಕೂಲಿನ ಕೆಲಸವೂ ಸಿಕ್ಕಿತು, ಮದುವೆಯೂ ಆಯಿತು. ಎರಡರಲ್ಲೂ ನನ್ನ ಕೈ ಇಲ್ಲ.

ಅವಳು ಹೋದ ಮೇಲೆ, ಬರಿ ಅಂದೆ ಮಳಿಗೆಯವಳಿಗೆ. ಆ ತಂತ್ರಾಂಶದವರಿಗೆ ಬರೆಸಿದ್ದು ಇದು: ನೀವು ಹೊಸದನ್ನು ಮಾಡುವುದು ಬಿಡಬೇಡಿ. ಆದರೆ ಚಾಲೂ ಮಾಡಿ ಕೊಡಬೇಡಿ. ಇದು ಹೊಸದು, ಇಂಥ ಕೆಲಸ ಮಾಡುತ್ತದೆ, ತಪ್ಪಲೂಬಹುದು, ಬೇಕೋ ಬೇಡವೋ ಎಂದು ದಪ್ಪ ಅಕ್ಷರದಲ್ಲಿ ಮೊದಲು ಕೇಳಿರಿ. ಕೇಳಿದರೆ ಯಾರೂ ಬೇಕು ಅನ್ನುವುದಿಲ್ಲ ಎಂಬ ನಿಮ್ಮ ಭಯ ನಿಜವೇ. ಹಾಗಾದರೆ ಒಬ್ಬೊಬ್ಬರ ಹತ್ತಿರ ಹೋಗಿ ಕೇಳುವ ತ್ರಾಸು ನೀವು ತೆಗೆದುಕೊಳ್ಳಿ. ಆ ತ್ರಾಸು ತಪ್ಪಿಸಿಕೊಳ್ಳಲೆಂದು ಗೊತ್ತಿಲ್ಲದವರ ಮೇಲೆ ಹಾಕಬೇಡಿ.

ಅವಳು ಒತ್ತಿ ಮುಗಿಸಿ, ಓದಿ ಹೇಳಿ, ನನ್ನ ಕಡೆ ತಿರುಗಿದಳು.

"ಇದನ್ನ ಅವ್ರಿಗೆ ಅಷ್ಟ ಕಳಿಸ್ಲೋ ದೊಡ್ಡವ್ವ, ನಿನಗೂ ಒಂದು ಪ್ರಿಂಟ್ ಕೊಡ್ಲೋ?"

ಇವಳಿಗೆ ಬೀಗದ ಕೈ ವಾಪಸು ಕೊಡಬಾರದಿತ್ತು ಅನ್ನಿಸಿತು.

ಅವರು ನನ್ನ ಮಾತು ಕೇಳಿದರು ಅನ್ನಿ. ಮುಂದಿನ ಸಿ.ಡಿ.ಯಲ್ಲಿ ಆ ಸೌಲಭ್ಯ ಮುಚ್ಚಿಯೇ ಬಂತು, ಮೊದಲ ಪುಟದಲ್ಲಿ ದಪ್ಪಗೆ ಪ್ರಶ್ನೆಯೂ ಇತ್ತು. ಮಳಿಗೆಯವಳು ಬೇಕು ಎಂದು ಒತ್ತಿದಳು. ಅದು ಒಂದೇ ವಾರದಲ್ಲಿ ಹೊಳಲಿನ ಒಬ್ಬ ಹುಡುಗಿಯನ್ನು ಅವಳ ಅಪ್ಪ ಒಂದು ಸಲ, ಸೋದರಮಾವ ಒಂದು ಸಲ ಬರೆಸಿದ್ದನ್ನು ಹಿಡಿದು ತೋರಿಸಿತು. ಅವಳ ಹೆಸರಲ್ಲಿ ನಾನು ಎರಡು ಮನೆಗೆ ಮಾತು ಕೊಟ್ಟಿದ್ದೆ. ಅಂದರೆ ಕೆಲಸ ಒಳ್ಳೆಯದೇ ಇತ್ತು. ಬೇರೆ ಊರುಗಳಲ್ಲಿ ಬೇಕು ಎಂದವರು ಬಹಳ ಕಡಿಮೆಯಂತೆ. ಅದನ್ನು ಮಾಡಿದವನು ಬೇಸರದಿಂದ ಬರೆದಿದ್ದ. ಅವನ ಭಯ ಸುಳ್ಳಾಗಲಿಲ್ಲ. ನಾನು ಸರಿ ಹೇಳಿದೆನೋ ಇಲ್ಲವೋ ಎಂದು ಇಂದಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿರುವವಳಂತೆ ಹೇಳಿದ್ದು ಮಾತ್ರ ನಿಜ.

ಆ ಶನಿವಾರ ನಾನು ಪ್ರಿಂಟ್ ತೆಗೆದುಕೊಂಡೇ ಹೋದೆ. ನನ್ನ ಪತ್ರದ್ದಲ್ಲ, ಪಟ್ಟಿಯದು. ಹುಡುಗಿಯರದಷ್ಟೇ ಏಳು ಹಾಳೆ ಆಯಿತು.

ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಹಾಳೆಗಳನ್ನು ಬುಟ್ಟಿಯಲ್ಲಿಟ್ಟು, ನಮ್ಮ ಓಣಿಯ ಹಿಂದಿನ ಓಣಿಗೆ ಹೋದೆ. ಮೊದಲ ಮನೆಯ ಹುಡುಗಿ ನಲ್ಲಿಯ ಹತ್ತಿರ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಿನ್ನ ಹೆಸರು ನನ್ನ ಪಟ್ಟಿಯಲ್ಲಿದೆ, ಇಡಲೋ ತೆಗೆಯಲೋ ಎಂದು ಕೇಳಿದೆ. ಅವಳು ಮನೆಯ ಕಡೆ ಒಮ್ಮೆ ನೋಡಿ, ನಲ್ಲಿಯ ಸದ್ದಿನಲ್ಲಿ ನನಗಷ್ಟೇ ಕೇಳುವಂತೆ, ತೆಗೆ ಅಂದಳು. ಒಳಗಿನಿಂದ ಅವಳ ತಾಯಿ, ಬಳೆಗಾರಮ್ಮ ಏನು ಕೇಳುತ್ತಿದ್ದಾಳೆ ಎಂದು ಕೂಗಿ ಕೇಳಿದಳು. ಹೊಸ ಬಳೆ ಬಂದಿವೆ, ಬೇಕೇನು ಎಂದು ಕೇಳಲು ಬಂದೆ ಅಂದೆ. ಬೇಡ ಅಂದಳು ತಾಯಿ. ಹುಡುಗಿಯ ಹೆಸರಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಎರಡನೆಯ ಮನೆಗೆ ಹೋದೆ.